ಆರು ಬಾಗಿಲಿನ ನಕ್ಷೆ

ಇದನ್ನು ಹೇಳಲು ನೀನು ಯಾರು ಎಂದು ಯಾರಾದರೂ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಆದ್ದರಿಂದ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಮನೆ ಕಟ್ಟುವ ವಿದ್ಯೆ ನನಗೆ ಗೊತ್ತಿಲ್ಲ. ಕಂಪ್ಯೂಟರ್ ಎಂದರೆ ಈಗಲೂ ಕೈ ಒರೆಸಿಕೊಂಡು ದೂರ ನಿಲ್ಲುವವಳು. ಹಗಲು ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಮಾಡಿ, ಸಂಜೆಯ ತರಗತಿಗಳಲ್ಲಿ ಕುಳಿತು ಕಲಿತದ್ದಷ್ಟೇ ನನ್ನ ಓದು. ಮನೆಯೊಳಗಿನ ಮಾತನ್ನು ಬೀದಿಗೆ ತರಬಾರದು ಎನ್ನುವವರ ಮಾತೂ ಸರಿಯೇ. ಆದರೆ ನನ್ನ ಸೊಸೆಯ ಕಥೆ ನಮ್ಮ ಬೀದಿಯಲ್ಲಿ ಆಗಲೇ ಅರ್ಧಂಬರ್ಧ ಓಡಾಡುತ್ತಿದೆ. ಅರ್ಧ ಕೇಳಿದವರು ನಗುತ್ತಾರೆ. ಪೂರ್ತಿ ಹೇಳಿದರೆ ನಗಲಿಕ್ಕಿಲ್ಲ ಎಂಬ ಧೈರ್ಯದಿಂದ ಹೇಳುತ್ತಿದ್ದೇನೆ.

ನಮ್ಮ ಮನೆಯಲ್ಲಿ ಐದು ಜನ. ನಮ್ಮವರು ಬಡಗಿ, ಬಾಗಿಲು ಮತ್ತು ಮಂಚದ ಕೆಲಸದಲ್ಲಿ ಅವರ ಹೆಸರು ಹೇಳಿದರೆ ಸಾಕು. ಅವರ ತಾಯಿ, ಅಂದರೆ ನನ್ನ ಅತ್ತೆ, ಎಲ್ಲರಿಗೂ ಅಜ್ಜಿ. ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ನಾಲ್ಕು ಕಾಲಿನ ವಾಕರ್ ಹಿಡಿದೇ ನಡೆಯುತ್ತಾರೆ. ಅವರು ಒಂದು ಮಾತು ಆಡಿದರೆ ಅದರ ಮೇಲೆ ಅಪೀಲು ಇಲ್ಲದ ಕಾರಣ ನನ್ನ ಮಗ ಅವರಿಗೆ ‘ದೊಡ್ಡ ಕೋರ್ಟು’ ಎಂದು ಹೆಸರಿಟ್ಟಿದ್ದಾನೆ. ಮಗ ಬೇಕರಿಯ ವ್ಯಾನ್ ಓಡಿಸುತ್ತಾನೆ. ಅವನ ಹೆಂಡತಿ ಟೈಲ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಮನೆ ಹಳೆಯದು. ರೈಲಿನ ಡಬ್ಬಿಗಳಂತೆ ಒಂದರ ಹಿಂದೆ ಒಂದು ಕೋಣೆ. ಮುಂದಿನ ಕೋಣೆಯಲ್ಲಿ ಯಾರಾದರೂ ಮಲಗಿದ್ದರೆ ಹಿಂದಿನವರು ಕಾಲು ದಾಟಿಕೊಂಡೇ ಹೊರಗೆ ಹೋಗಬೇಕು. ಅದನ್ನು ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಬೇಕೆಂದು ವರ್ಷಗಳಿಂದ ಮಾತು. ಆ ಹೊಸ ಮನೆಗೆಂದೇ ನಮ್ಮವರು ಒಳ್ಳೆಯ ಮರ ಕಂಡಾಗಲೆಲ್ಲ ತಂದು ಹಿಂದೆ ಬಚ್ಚಲಿಗೆ ಹೋಗುವ ಓಣಿಯಲ್ಲಿ ಪೇರಿಸಿಟ್ಟಿದ್ದರು. ಆರು ಬಾಗಿಲಿಗೆ ಆಗುವಷ್ಟು ಮರ. ಆ ಹಲಗೆಗಳಿಗೆ ಮೊಣಕೈ ತಾಗಿಸಿಕೊಳ್ಳದ ದಿನ ನಮಗೆ ಯಾರಿಗೂ ಇರಲಿಲ್ಲ. “ಊರಿಗೆಲ್ಲಾ ಬಾಗಿಲು ಮಾಡಿಕೊಟ್ಟೆ, ನನ್ನ ಮನೇಗೆ ಮಾಡೋವಾಗ ನೋಡ್ತಿರಿ” ಎಂದು ಅವರು ಹೇಳದ ದಿನವೂ ಇರಲಿಲ್ಲ.

ಸೊಸೆ ಅಂಗಡಿಗೆ ಸೇರಿದ್ದು ಬಿಲ್ಲು ಬರೆಯಲು. ಅಲ್ಲಿ ಗಿರಾಕಿಗಳಿಗೆ ಈ ಟೈಲ್ಸ್ ಹಾಕಿದರೆ ನಿಮ್ಮ ಅಡುಗೆಮನೆ ಹೀಗೆ ಕಾಣುತ್ತದೆ ಎಂದು ಪರದೆಯ ಮೇಲೆ ತೋರಿಸುವ ಒಂದು ಸಾಫ್ಟ್‌ವೇರ್ ಇತ್ತು. ಅದನ್ನು ನಡೆಸುತ್ತಿದ್ದ ಹುಡುಗಿ ಮದುವೆಯಾಗಿ ಹೋದ ಮೇಲೆ ಇವಳು ಕೂತಳು. ಅಡುಗೆಮನೆಯಿಂದ ಶುರುವಾಗಿ ಇಡೀ ಮನೆಯ ನಕ್ಷೆ ಬರೆಯುವವರೆಗೂ ತಾನೇ ತಡಕಾಡಿ ಕಲಿತಳು. ಗಿರಾಕಿಗಳು ಟೈಲ್ಸ್ ಜೊತೆ ನಕ್ಷೆಯನ್ನೂ ಕೇಳತೊಡಗಿದರು. ಅಂಗಡಿಯ ಯಜಮಾನರು ಅವಳಿಗೆ ಬೇರೆ ಮೇಜು ಕೊಟ್ಟರು. ಆ ಮೇಜಿನ ಸುದ್ದಿ ಹೇಳಿದ ದಿನ ಅವಳು ಎರಡು ಸಲ ಅನ್ನ ಹಾಕಿಸಿಕೊಂಡಿದ್ದು ನನಗೆ ನೆನಪಿದೆ.

ನಮ್ಮ ಮನೆಯ ನಕ್ಷೆ ಅವಳೇ ಬರೆಯುವುದೆಂದು ನಿಶ್ಚಯವಾಯಿತು. ಅಂಗಡಿಯ ಹಳೇ ಲ್ಯಾಪ್‌ಟಾಪನ್ನು ಕೇಳಿ ತಂದಳು. ಊಟದ ಮೇಜಿನ ಮೇಲಿನ ತಟ್ಟೆ, ಲೋಟ ಎಲ್ಲ ಸರಿಸಿ ಅದನ್ನು ಇಟ್ಟೆವು. ಮೊದಲು ನಮ್ಮ ಹಳೇ ಮನೆಯನ್ನೇ ಬರೆದು ತೋರಿಸಿದಳು. ಮೇಲಿನಿಂದ ಮುಚ್ಚಳ ತೆಗೆದ ಡಬ್ಬದ ಹಾಗೆ ಕಾಣುತ್ತಿತ್ತು.

“ಇದೇನಾ ನಾವಿರೋದು?” ಎಂದರು ಅಜ್ಜಿ. “ಬೆಂಕಿಪೊಟ್ಣ ಇದ್ದಂಗಿದ್ಯಲ್ಲೇ!”

“ನಿಮ್ಮ ಮಂಚ ಇಲ್ಲಿದೆ ನೋಡಿ ಅಜ್ಜಿ.”

“ನಾನೆಲ್ಲಿ?”

“ನೀವು ಮೇಜಿನ ಹತ್ರ ಕೂತಿದೀರಲ್ಲ, ಅದಕ್ಕೇ ಮಂಚ ಖಾಲಿ ಇದೆ,” ಎಂದ ಮಗ. ದೊಡ್ಡ ಕೋರ್ಟು ಆ ವಾದವನ್ನು ಒಪ್ಪಿಕೊಂಡಿತು.

ಆಮೇಲಿನ ದಿನಗಳಲ್ಲಿ ಸಂಜೆಯ ಚಹಾ ಹೊತ್ತಿಗೆ ಎಲ್ಲರೂ ಅವಳ ಸುತ್ತ. ಮಗನಿಗೆ ವ್ಯಾನ್ ನಿಲ್ಲಿಸಲು ಜಾಗ ಬೇಕು. ಅಜ್ಜಿಗೆ ಬೀದಿ ಕಾಣುವ ಕಿಟಕಿ ಬೇಕು, ಬೀದಿಯವರಿಗೆ ಅಜ್ಜಿ ಕಾಣಬಾರದು. ನಮ್ಮವರಿಗೆ ಬಾಗಿಲು. ನಾನು ಪಾತ್ರೆ ತೊಳೆಯುತ್ತಿದ್ದೆ.

“ಅತ್ತೆ, ನೀವೇನೂ ಕೇಳ್ಲೇ ಇಲ್ಲ,” ಎಂದಳು.

“ನನಗೇನಮ್ಮ, ಒಲೆ ಇದ್ರೆ ಸಾಕು.”

ಮರುದಿನ ನೋಡಿದರೆ ಅಡುಗೆಮನೆಯ ಪಕ್ಕ, ಕಿಟಕಿಯ ಕೆಳಗೆ, ಒಂದು ಚಿಕ್ಕ ಮೇಜು, ಒಂದು ಕುರ್ಚಿ, ಗೋಡೆಗೆ ಪುಸ್ತಕದ ಹಲಗೆ ಬರೆದಿದ್ದಳು. ಇದು ಯಾರಿಗೆ ಎಂದು ಕೇಳಲಿಲ್ಲ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಆ ಕುರ್ಚಿಯನ್ನು ಇನ್ನೊಮ್ಮೆ ನೋಡಿದೆ.

ಒಂದು ಶುಕ್ರವಾರ ಪೂರ್ತಿ ನಕ್ಷೆ ತೋರಿಸಿದಳು. ಎಲ್ಲರ ಕೋಣೆಗೂ ಬೆಳಕು. ಯಾರೂ ಯಾರ ಕಾಲನ್ನೂ ದಾಟುವ ಹಾಗಿಲ್ಲ. ಅಜ್ಜಿ ಮಂಚದಿಂದ ಇಳಿದು ವಾಕರ್ ಹಿಡಿದು ನೇರ ಬಚ್ಚಲಿಗೆ ಹೋಗಬಹುದು. ನಮ್ಮವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬೆರಳು ಮಡಚಿ ಎಣಿಸಿದರು.

“ಮೂರೇ ಬಾಗಿಲು ಇದೆಯಲ್ಲ. ಉಳಿದಿದ್ದೆಲ್ಲಿ?”

“ಅಷ್ಟೇ ಮಾವ. ಮುಂದಿನದು, ಬಚ್ಚಲಿಂದು, ನಮ್ಮ ಕೋಣೆದು. ಉಳಿದ ಕಡೆ ಬರೀ ದ್ವಾರ. ಬಾಗಿಲು ಹಾಕಿದ್ರೆ ಅದು ತೆರೆಯೋಕೆ ಜಾಗ ಬೇಕಲ್ವಾ? ಈ ಕಾಲು ಚಂದ್ರನ ಥರ ಗೆರೆ ನೋಡಿ, ಬಾಗಿಲು ತಿರುಗೋ ಜಾಗ. ಅಲ್ಲಿ ಏನೂ ಇಡೋಕಾಗಲ್ಲ. ಅಜ್ಜಿ ವಾಕರ್ ಕೂಡ…”

“ಬಾಗಿಲಿಲ್ಲದ ಕೋಣೆಗೆ ಕೋಣೆ ಅಂತಾರೇನಮ್ಮ? ದನದ ಕೊಟ್ಟಿಗೆ ಅಂತಾರೆ.”

“ಅಪ್ಪಾ, ಈಗ ಎಲ್ಲಾ ಕಡೆ ಹೀಗೇ ಕಟ್ತಾರೆ,” ಎಂದ ಮಗ.

“ಕಟ್ಲಿ! ಅವರ‍್ಯಾರೂ ಬಡಗಿಗಳಲ್ಲ. ನಾಳೆ ಗೃಹಪ್ರವೇಶಕ್ಕೆ ಬಂದೋರು ಏನಂತಾರೆ? ಇವನಿಗೆ ಕೆಲಸ ಬರ್ತಿರ್ಲಿಲ್ಲವೋ, ಮರ ಸಿಕ್ಲಿಲ್ಲವೋ ಅಂತಾರೆ. ಆ ಓಣಿಲಿರೋ ಮರ ಏನು ಮಾಡ್ಲಿ? ಒಲೆಗೆ ಹಾಕ್ಲಾ?”

“ಮರ ಮಾತ್ರ ಅಲ್ಲಿಂದ ತೆಗಿಯಪ್ಪ ಮೊದಲು,” ಎಂದರು ಅಜ್ಜಿ. “ನನ್ನ ಮೊಣಕೈ ನೋಡು.”

ನಮ್ಮವರು ತಟ್ಟೆ ಎಳೆದುಕೊಂಡು, ಸಾರಿಗೆ ಉಪ್ಪು ಕಡಿಮೆ ಎಂದು ನನ್ನ ಮೇಲೆ ಹಾಯ್ದರು. ಉಪ್ಪು ಸರಿಯಾಗಿತ್ತು. ಸೊಸೆ ಲ್ಯಾಪ್‌ಟಾಪ್ ಮುಚ್ಚಿ ಒಳಗೆ ಹೋದಳು.

ನಮ್ಮವರ ಸಿಟ್ಟು ಕೂಗಾಟದ್ದಲ್ಲ. ಕೂಗಿದ್ದರೆ ಎಷ್ಟೋ ವಾಸಿ. ಮೌನವಾಗಿ ಊಟ ಮಾಡುತ್ತಾರೆ, ಮೌನವಾಗಿ ಕೈ ತೊಳೆಯುತ್ತಾರೆ, ಮೌನವಾಗಿ ಟವಲು ಕೊಡವುತ್ತಾರೆ. ಆ ಟವಲಿನ ಸದ್ದಿಗೆ ಮನೆ ಬೆಚ್ಚುತ್ತದೆ. ಹೀಗೇ ಒಂದು ವಾರ ಕಳೆಯಿತು. ಸೊಸೆಗೆ ತಂದೆ ಇಲ್ಲ. ಅವಳು ಬಂದ ಹೊಸತರಲ್ಲಿ ನಮ್ಮವರೇ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಅಂಗಡಿಯ ಕೆಲಸಕ್ಕೆ ಮಾತಾಡಿ ಬಂದದ್ದು. ಆ ಮನುಷ್ಯ ಮಾತು ಬಿಟ್ಟರೆ ಅವಳಿಗೆ ಹೇಗಾಗಿರಬೇಡ!

ಮುಂದಿನ ವಾರ ಅವಳು ಹೊಸ ನಕ್ಷೆ ತೋರಿಸಿದಳು. ಆರು ಬಾಗಿಲು. ಆದರೂ ಎಲ್ಲವೂ ಇತ್ತು: ಮಂಚ, ಬೀರು, ಊಟದ ಮೇಜು, ಅಜ್ಜಿಯ ದಾರಿ, ಎಲ್ಲ. ನನ್ನ ಕಿಟಕಿಯ ಕೆಳಗಿನ ಮೇಜು ಮಾತ್ರ ಇರಲಿಲ್ಲ. ನಾನು ಅದನ್ನು ಕೇಳಿರಲೇ ಇಲ್ಲ, ಹಾಗಾಗಿ ಸುಮ್ಮನಿದ್ದೆ.

“ನೋಡಿದ್ಯಾ!” ಎಂದರು ನಮ್ಮವರು. “ಮನಸ್ಸು ಮಾಡಿದ್ರೆ ಆಗುತ್ತೆ. ನಮ್ಮ ಹುಡುಗಿ ತಲೆ ಅಂದ್ರೆ ತಲೆ!”

ಅಂಗಡಿಯಲ್ಲಿ ದೊಡ್ಡ ಕಾಗದದ ಮೇಲೆ ಅದನ್ನು ಮುದ್ರಿಸಿಕೊಂಡು ಬರಲು ಹೇಳಿ, ತಮ್ಮ ಕೆಲಸದ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು. ಬಾಗಿಲು ಮಾಡಿಸಲು ಬಂದವರು, ಕಾಲು ಮುರಿದ ಸ್ಟೂಲು ತಂದವರು, ದಾರಿ ಕೇಳಲು ನಿಂತವರು, ಎಲ್ಲರಿಗೂ ತೋರಿಸಿದರು. “ನಮ್ಮ ಸೊಸೆ ಬರೆದಿದ್ದು. ಗೆರೆ ನೋಡಿ ಹೇಗಿದೆ.” ಗೆರೆ ಎಳೆದದ್ದು ಯಂತ್ರ ಎಂದು ಯಾರೋ ಹೇಳಿದರೆ, “ಉಳಿ ಕೆತ್ತುತ್ತೆ ಅಂತ ಉಳಿಗೆ ಕೂಲಿ ಕೊಡ್ತೀರಾ?” ಎಂದು ಬಾಯಿ ಮುಚ್ಚಿಸಿದರು. ಅವರ ಹೆಮ್ಮೆ ನಿಜವಾದದ್ದು. ಅದರಲ್ಲಿ ನನಗೆ ಸಂಶಯವಿಲ್ಲ.

ಸೊಸೆ ಮಾತ್ರ ಹೊಗಳಿದಷ್ಟೂ ಕುಗ್ಗುತ್ತಿದ್ದಳು. ಊಟ ಸೇರುತ್ತಿರಲಿಲ್ಲ. ನಾನು ಬೇರೆಯೇ ಕಾರಣ ಊಹಿಸಿ, ಏನಾದರೂ ಸಿಹಿಸುದ್ದಿ ಇದೆಯೇನೋ ಎಂದು ಮೆಲ್ಲಗೆ ಕೇಳಿದೆ. “ಅಯ್ಯೋ ಅತ್ತೆ, ಅದೇನೂ ಇಲ್ಲ” ಎಂದಳು. ಕಣ್ಣು ತಪ್ಪಿಸಿದಳು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಂದರು. ನಮ್ಮವರ ಜೊತೆ ಮೂವತ್ತು ವರ್ಷ ಕೆಲಸ ಮಾಡಿದವರು. ಇವರು ಗೋಡೆ ಎಬ್ಬಿಸಿದರೆ ನಮ್ಮವರು ಬಾಗಿಲು ನಿಲ್ಲಿಸುತ್ತಿದ್ದರು. ನಮ್ಮ ಮನೆ ಕಟ್ಟುವವರೂ ಅವರೇ. ನಾನೂ ಸೊಸೆಯೂ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದೆವು. ಹೊರಗೆ ನಮ್ಮವರ ದನಿ ಗಟ್ಟಿಯಾಗಿತ್ತು.

“ಕಾಗದದ ಮೇಲೆ ನೋಡಿದ್ರೆ ಏನು ಬಂತು ಮೇಸ್ತ್ರಿ? ಇದರೊಳಗೆ ಓಡಾಡಬಹುದು! ಏ ಮಗ, ಆ ನಡೆಯೋದು ತೋರಿಸೋ.”

ಮಗ ಲ್ಯಾಪ್‌ಟಾಪ್ ತೆರೆದು, ಕಟ್ಟದ ಮನೆಯ ಬಾಗಿಲು ದಾಟಿಸಿ ಮೇಸ್ತ್ರಿಯನ್ನು ಒಳಗೆ ಕರೆದುಕೊಂಡು ಹೋದ. “ಓಹೋ,” “ಅಬ್ಬಾ,” ಎಂದರು ಮೇಸ್ತ್ರಿ.

“ಅದರಲ್ಲಿ ಮನುಷ್ಯನ್ನ ನಿಲ್ಲಿಸ್ತಾರಂತಲ್ಲ,” ಎಂದರು ನಮ್ಮವರು. “ನನ್ನ ನಿಲ್ಲಿಸು ನೋಡೋಣ. ಮಂಚದ ಪಕ್ಕ.”

ಸೊಸೆಯ ಕೈಯಲ್ಲಿದ್ದ ಚಹಾ ಜರಡಿ ಒಲೆಯ ಮೇಲೆ ಬಿತ್ತು. “ಬೇಡಾರೀ!” ಎನ್ನುತ್ತಾ ಅವಳು ಓಡುವಷ್ಟರಲ್ಲಿ ಮಗ ಒತ್ತಿಯಾಗಿತ್ತು.

ಪರದೆಯ ಮೇಲೆ ನೀಲಿ ಅಂಗಿಯ ಒಬ್ಬ ಮನುಷ್ಯ ನಿಂತ. ಮಂಚ ಅವನ ಎದೆಯವರೆಗಿನ ಉದ್ದಕ್ಕೆ ಸಾಲುವಷ್ಟಿತ್ತು. ಆಚೆ ಕಾಣುತ್ತಿದ್ದ ಊಟದ ಮೇಜು ಅವನ ಮೊಣಕಾಲಿಗೆ ಬರುತ್ತಿತ್ತು. ಕುರ್ಚಿಗಳು ಬೊಂಬೆಯಾಟದ ಕುರ್ಚಿಗಳಾಗಿದ್ದವು.

ಅಜ್ಜಿಯೇ ಮೊದಲು ಬಾಯಿಬಿಟ್ಟರು. “ಇದ್ಯಾವ ರಾಕ್ಷಸನೋ? ಇಷ್ಟುದ್ದದೋನ್ನ ನಮ್ಮ ವಂಶದಲ್ಲೇ ನೋಡಿಲ್ಲ.”

“ಇವನು ಜಾಸ್ತಿ ದೊಡ್ಡೋನಾದ. ಚಿಕ್ಕೋನ್ನ ಹಾಕು,” ಎಂದರು ನಮ್ಮವರು.

“ಇವನ್ನ ಚಿಕ್ಕದು ಮಾಡೋಕಾಗಲ್ಲ ಅಪ್ಪಾ. ಮನುಷ್ಯರ ಅಳತೆ ಇದರಲ್ಲಿ ಖಾಯಂ.”

“ಮಂಚದ ಅಳತೆ?”

ಮಗ ಹೆಂಡತಿಯ ಮುಖ ನೋಡಿದ. ಅವಳು ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆಯೇ ಹೇಳಿದಳು.

“ಮಂಚದ ಮೂಲೆ ಹಿಡಿದು ಎಳೆದ್ರೆ ಚಿಕ್ಕದಾಗುತ್ತೆ ಮಾವ. ಎಲ್ಲಾ ಸಾಮಾನೂ ಹಾಗೇ ಚಿಕ್ಕದು ಮಾಡಿದೀನಿ. ಆರು ಬಾಗಿಲು ಬೇರೆ ಥರ ಹಿಡಿಸ್ತಿರ್ಲಿಲ್ಲ.”

ಮೇಸ್ತ್ರಿ ಮೊದಲು ನಕ್ಕರು. “ಪರವಾಗಿಲ್ಲಣ್ಣ, ಬೆಕ್ಕು ಸಾಕಿದ್ರೆ ಮಲಗೋಕೆ ಜಾಗ ಆಯ್ತು!” ಆಮೇಲೆ ನಮ್ಮವರ ಮುಖ ನೋಡಿ ನಗು ನುಂಗಿದರು. “ತಪ್ಪು ತಿಳ್ಕೋಬೇಡಿ. ಅದರೊಳಗೆ ಎಳೆದು ಚಿಕ್ಕದು ಮಾಡಬಹುದು. ನಾನು ಗೋಡೆ ಎಬ್ಬಿಸಿದ ಮೇಲೆ ಎಳೆದು ದೊಡ್ಡದು ಮಾಡೋಕಾಗಲ್ಲ. ಇದನ್ನ ನಂಬಿ ನಾನು ಪಾಯ ತೋಡಲ್ಲ. ಬೇರೆ ಯಾರ ಹತ್ರಾನಾದ್ರೂ ಬರೆಸಿ.”

ಚಹಾ ಯಾರೂ ಕುಡಿಯಲಿಲ್ಲ.

ಮೇಸ್ತ್ರಿ ಕೆಟ್ಟವರಲ್ಲ, ಆದರೆ ಬಾಯಲ್ಲಿ ಬೀಗವಿಲ್ಲ. ವಾರ ತುಂಬುವುದರೊಳಗೆ ಬೆಕ್ಕಿನ ಮಂಚದ ಸುದ್ದಿ ಟೈಲ್ಸ್ ಅಂಗಡಿಗೂ ತಲುಪಿತು. ಯಜಮಾನರು ಬೈಯಲಿಲ್ಲವಂತೆ. “ಸ್ವಲ್ಪ ದಿನ ನಕ್ಷೆ ಬೇಡಮ್ಮ, ಗಿರಾಕಿಗಳು ಕೇಳ್ತಾರೆ” ಎಂದು ಮತ್ತೆ ಬಿಲ್ಲಿನ ಮೇಜಿಗೆ ಕಳಿಸಿದರಂತೆ. ಅವಳು ಮನೆಗೆ ಬಂದು ಲ್ಯಾಪ್‌ಟಾಪನ್ನು ಟವಲಿನಲ್ಲಿ ಸುತ್ತಿ ಬೀರುವಿನ ಮೇಲಿಟ್ಟಳು.

“ಇನ್ನು ನಾನು ನಕ್ಷೆ ಬರೆಯಲ್ಲ ಅತ್ತೆ. ಟೈಲ್ಸ್ ಮಾರಿಕೊಂಡು ಇದ್ದುಬಿಡ್ತೀನಿ.”

ಮಗ ಕುದಿಯುತ್ತಿದ್ದ. ಊಟಕ್ಕೆ ಕೂತಾಗ ಅದು ಉಕ್ಕಿತು.

“ಬೇರೆಯೋರ ಮನೆ ನಕ್ಷೆಲಿ ಅವಳು ಒಂದು ಇಂಚು ತಪ್ಪಿಲ್ಲ. ನಮ್ಮನೇದರಲ್ಲಿ ಯಾಕೆ ತಪ್ಪಿದ್ಲು ಕೇಳಿ ಅಪ್ಪಾ. ನಿಮ್ಮ ಮುಖ ನೋಡಿ ತಪ್ಪಿದ್ಲು.”

“ನಾನು ಸುಳ್ಳು ಬರಿ ಅಂದೆನೇನೋ?”

“ಅನ್ನಲಿಲ್ಲ. ಒಂದು ವಾರ ಮಾತೂ ಆಡ್ಲಿಲ್ಲ. ಎರಡೂ ಒಂದೇ.”

“ಸುಮ್ಮನಿರಿ,” ಎಂದಳು ಸೊಸೆ ಗಂಡನಿಗೆ. “ತಪ್ಪು ನಂದು. ಅಳತೆ ಬದಲಾಯಿಸಿದ್ದು ನನ್ನ ಕೈ.”

“ಅಮ್ಮಾ, ನಾವು ಬೇರೆ ಮನೆ ನೋಡ್ಕೋತೀವಿ,” ಎಂದ ಮಗ ನನ್ನ ಕಡೆ ತಿರುಗಿ. “ಇವರು ಹನ್ನೆರಡು ಬಾಗಿಲು ಇಟ್ಕೊಳ್ಲಿ ಬೇಕಾದ್ರೆ.”

ನಮ್ಮವರು ಕೈ ತೊಳೆದು ಟವಲು ಕೊಡವಿದರು. ನಾನು ಬಡಿಸುವ ಸೌಟು ಹಿಡಿದೇ ನಿಂತಿದ್ದೆ. ಅಂಗಿಯಲ್ಲಿ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಿರಿ ಎಂದು ಚೀಟಿ ಅಂಟಿಸುವುದು ನನ್ನ ಕೆಲಸ. ಇಲ್ಲಿ ಚೀಟಿ ಎಲ್ಲಿ ಅಂಟಿಸಲಿ?

ಹೀಗಿರುವಾಗ ಒಂದು ಸಂಜೆ ಅಜ್ಜಿ ಸಿಕ್ಕಿಕೊಂಡರು. ಬಚ್ಚಲಿನಿಂದ ಬರುವಾಗ ಅಡುಗೆಮನೆಯ ಬಾಗಿಲಿಗೂ ಬೀರುವಿಗೂ ನಡುವೆ ವಾಕರ್ ಅಡ್ಡ ತಿರುಗಿ, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ನಾನು ಈ ಕಡೆಯಿಂದ ಹಿಡಿದೆ, ಸೊಸೆ ಆ ಕಡೆಯಿಂದ. ಬಾಗಿಲು ಅಜ್ಜಿಯ ಬೆನ್ನಿಗೆ ಒತ್ತಿಕೊಂಡಿತ್ತು. ಅವರ ಕಾಲು ನಡುಗುತ್ತಿತ್ತು, ಬಾಯಿ ಮಾತ್ರ ಗಟ್ಟಿಯಾಗಿತ್ತು.

“ಎಳೀಬೇಡ್ರೇ! ನಾನೇನು ಮಂಚಾನಾ, ಎಳೆದ್ರೆ ಚಿಕ್ಕದಾಗೋಕೆ?”

ಆ ಹೊತ್ತಿನಲ್ಲೂ ಸೊಸೆಗೆ ನಗು ಬಂತು, ಜೊತೆಗೆ ಅಳುವೂ. ಕೂಗು ಕೇಳಿ ನಮ್ಮವರು ಕೊಟ್ಟಿಗೆಯಿಂದ ಬಂದರು. ಒಂದು ಕ್ಷಣ ನೋಡಿದರು. ಮತ್ತೆ ಹೋಗಿ ಸುತ್ತಿಗೆ ತಂದು, ಕೀಲಿನ ಕಡ್ಡಿಗಳನ್ನು ಕೆಳಗಿನಿಂದ ತಟ್ಟಿ ಎಬ್ಬಿಸಿ, ಬಾಗಿಲನ್ನು ಎರಡೂ ಕೈಯಲ್ಲಿ ಎತ್ತಿ ಹೊರಗಿಟ್ಟರು. ಅಜ್ಜಿ ನಿರಾಳವಾಗಿ ನಡೆದು ಬಂದು ಮಂಚದ ಮೇಲೆ ಕುಳಿತರು.

“ಈ ಬುದ್ಧಿ ನನ್ನ ಸೊಂಟ ಮುರಿದಾಗಲೇ ಬಂದಿದ್ರೆ ಚೆನ್ನಾಗಿತ್ತು,” ಎಂದರು.

ನಮ್ಮವರು ಬಾಗಿಲಿಲ್ಲದ ದ್ವಾರದಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದು ನೋಡಿದರು. ಆಮೇಲೆ ಸೊಂಟದ ಟೇಪು ತೆಗೆದು ವಾಕರಿನ ಅಗಲ ಅಳೆದರು. ಅಜ್ಜಿಯ ಮಂಚ ಅಳೆದರು. ಬೀರು ಅಳೆದರು. ಮೇಜು, ಕುರ್ಚಿ, ಹೊಲಿಗೆ ಯಂತ್ರ, ನೀರಿನ ಡ್ರಮ್ಮು, ಅಂಗಿ ತೂಗುಹಾಕುವ ಗೂಟದ ಹಲಗೆ, ಒಂದನ್ನೂ ಬಿಡಲಿಲ್ಲ. ಅಳೆದದ್ದನ್ನು ಸೀಮೆಸುಣ್ಣದ ಕಡ್ಡಿಯಿಂದ ಆಯಾ ಸಾಮಾನಿನ ಮೇಲೆಯೇ ಬರೆಯುತ್ತಾ ಹೋದರು.

“ಅಮ್ಮಾ, ಎದ್ದು ನಿಲ್ಲು.”

“ನನ್ನೂ ಅಳೀತೀಯೇನೋ?”

“ವಾಕರ್ ಹಿಡಿದು ತಿರುಗು. ತಿರುಗೋಕೆ ಎಷ್ಟು ಜಾಗ ಬೇಕು ನೋಡ್ಬೇಕು.”

ಕೊನೆಗೆ ಬೀರುವಿನ ಮೇಲಿನ ಲ್ಯಾಪ್‌ಟಾಪ್ ಇಳಿಸಿ, ಟವಲು ಬಿಚ್ಚಿ, ಊಟದ ಮೇಜಿನ ಮೇಲೆ ಇಟ್ಟರು. ಸೊಸೆಗೆ ಕುರ್ಚಿ ಎಳೆದುಕೊಟ್ಟರು.

“ಬಾಮ್ಮ. ನಾನು ಹೇಳ್ತೀನಿ, ನೀನು ಹಾಕು. ಈ ಸಲ ಮೂಲೆ ಎಳೆಯೋ ಹಾಗಿಲ್ಲ.”

ಅವಳು ನನ್ನ ಮುಖ ನೋಡಿದಳು. ನಾನು ಸೌಟು ಕೆಳಗಿಟ್ಟೆ. ಅವಳು ಕುಳಿತಳು.

ಅಳತೆ ಸರಿಯಾದ ಮಂಚ ಬಂದು ಕೂತ ಕೂಡಲೇ ನಾನೂ ನಮ್ಮವರೂ ಮಲಗುವ ಕೋಣೆಯ ಬಾಗಿಲು ಅದಕ್ಕೆ ಬಡಿಯಿತು. ಪರದೆಯ ಮೇಲೆ ಆ ಕಾಲು ಚಂದ್ರ ಮಂಚದ ಮೇಲೆಯೇ ಹಾದುಹೋಗಿತ್ತು.

“ತೆಗಿ,” ಎಂದರು ನಮ್ಮವರು.

ಅವಳು ಮೌಸನ್ನು ಅವರ ಕಡೆಗೆ ಸರಿಸಿದಳು. “ನೀವೇ ತೆಗೀರಿ ಮಾವ.”

“ಹೇಗೆ ತೆಗೀತಾರೆ ತೋರಿಸು ಹಾಗಾದ್ರೆ.”

ಅವಳು ತೋರಿಸಿದಳು. ಉಳಿ ಹಿಡಿಯುವ ಆ ದಪ್ಪ ಕೈ ಮೌಸಿನ ಮೇಲೆ ಕೂತು, ಬಾಣ ಎಲ್ಲೆಲ್ಲೋ ಹೋಗಿ, ಒಮ್ಮೆ ಮನೆಯ ಛಾವಣಿಯನ್ನೇ ಅಳಿಸಿ, ಅವಳು ಅದನ್ನು ಮರಳಿ ತಂದು, ಅಂತೂ ಒಂದು ಬಾಗಿಲು ಮಾಯವಾಯಿತು. ಆಮೇಲೆ ಅಡುಗೆಮನೆಯದು. ಆರಿದ್ದದ್ದು ನಾಲ್ಕಾಯಿತು. ನಾಲ್ಕನೆಯದು ಅಜ್ಜಿಯ ಕೋಣೆಯದು. ಅಲ್ಲಿ ಅವರ ಕೈ ನಿಂತಿತು.

“ಇದೊಂದು ಇರ್ಲಿ. ವಯಸ್ಸಾದೋರಿಗೆ ಮರೆ ಬೇಕು. ಮಂಚ ಆ ಗೋಡೆಗೆ ಸರಿಸಿದ್ರಾಯ್ತು.”

ಸೊಸೆ ಮಂಚ ಸರಿಸಿದಳು. ವಾಕರ್ ತಿರುಗುವ ಜಾಗವನ್ನು ಒಂದು ವೃತ್ತವಾಗಿ ಬರೆದಳು. ವೃತ್ತ ಬಾಗಿಲಿನ ದಾರಿಗೆ ಹಾಯಿತು. ಬಾಗಿಲು ಹೊರಗೆ ತೆರೆಯುವಂತೆ ತಿರುಗಿಸಿದಳು. ಅದು ಬಚ್ಚಲಿನ ಬಾಗಿಲಿಗೆ ಬಡಿಯಿತು. ಅವಳು ತುಂಬಾ ಹೊತ್ತು ಪರದೆ ನೋಡಿದಳು. ಒಂದು ಸಣ್ಣ ಮೂಲೆ, ಒಂದಿಷ್ಟೇ ಎಳೆದರೆ ಮುಗಿಯಿತು. ಎಲ್ಲರೂ ನೆಮ್ಮದಿಯಾಗಿ ಊಟ ಮಾಡಬಹುದು.

“ಇಲ್ಲ ಮಾವ,” ಎಂದಳು. “ಆಗಲ್ಲ.”

“ನೋಡು ಇನ್ನೊಂದ್ಸಲ.”

“ನೋಡಿದೆ. ಆಗಲ್ಲ. ಮರೆಗೆ ಪರದೆ ಹಾಕಬಹುದು. ಬಾಗಿಲು ಇಟ್ರೆ ಅಜ್ಜಿ ಇವತ್ತು ಸಿಕ್ಕಿಹಾಕ್ಕೊಂಡ ಹಾಗೆ ಅಲ್ಲೂ ಸಿಕ್ಕಿಹಾಕ್ಕೋತಾರೆ. ನಾನು ಬರೆಯಲ್ಲ.”

ಮದುವೆಯಾಗಿ ಬಂದಂದಿನಿಂದ ಅವಳು ನಮ್ಮವರಿಗೆ ಇಲ್ಲ ಎಂದದ್ದು ಅದೇ ಮೊದಲು. ನಾನು ಹೇಳುವುದಾದರೆ, ನನ್ನ ಇಷ್ಟು ವರ್ಷದ ಸಂಸಾರದಲ್ಲಿ ಅಷ್ಟು ಸ್ಪಷ್ಟವಾಗಿ ನಾನೂ ಎಂದಿಲ್ಲ. ನಮ್ಮವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಟವಲಿನ ಕಡೆಗೆ ನೋಡಿದರು ಎಂದು ನನಗೆ ಅನಿಸಿತು. ಆಮೇಲೆ ಕನ್ನಡಕ ಹಾಕಿಕೊಂಡು, ಬಾಣವನ್ನು ಆ ಬಾಗಿಲಿನ ಮೇಲೆ ತಂದು, ಯಾರ ಸಹಾಯವೂ ಇಲ್ಲದೆ ಅಳಿಸಿದರು.

“ಆಗಲ್ಲ ಅಂದ್ರೆ ಆಗಲ್ಲ,” ಎಂದರು. “ಊಟಕ್ಕೆ ಹಾಕೇ.”

ಅಜ್ಜಿ ಮಂಚದಿಂದಲೇ ಕೂಗಿದರು. “ಪರದೆ ಹಸಿರು ಬಣ್ಣದ್ದು ಇರ್ಲಿ!”

“ತೀರ್ಪು ಬಂತು,” ಎಂದ ಮಗ. ಬೇರೆ ಮನೆಯ ಮಾತು ಅವನ ಬಾಯಲ್ಲಿ ಮತ್ತೆ ಬರಲಿಲ್ಲ.

ಮುಂದಿನ ಭಾನುವಾರ ನಮ್ಮವರೇ ಹೋಗಿ ಮೇಸ್ತ್ರಿಯನ್ನು ಕರೆತಂದರು. “ಆ ರಾಕ್ಷಸನ್ನ ನಿಲ್ಲಿಸಮ್ಮ,” ಎಂದರು. ಸೊಸೆ ನಿಲ್ಲಿಸಿದಳು. ನೀಲಿ ಅಂಗಿಯವನು ಮಂಚದ ಪಕ್ಕ ಸರಿಯಾಗಿ ನಿಂತ. ಅಡುಗೆಮನೆಯಲ್ಲಿ ನಿಂತ. ಕಿಟಕಿಯ ಕೆಳಗಿನ ಚಿಕ್ಕ ಮೇಜಿನ ಹತ್ತಿರವೂ ನಿಂತ. ಅಡುಗೆಮನೆಯ ಬಾಗಿಲು ಹೋದ ಜಾಗದಲ್ಲಿ ಆ ಮೇಜು ಮರಳಿ ಬಂದಿತ್ತು. ಮೇಸ್ತ್ರಿ ತಮ್ಮ ಟೇಪು ತೆಗೆದು ಕಾಗದದ ಮೇಲಿನ ಒಂದೊಂದು ಅಂಕಿಯನ್ನೂ ಮನೆಯ ಸಾಮಾನಿನ ಮೇಲಿನ ಸುಣ್ಣದ ಅಂಕಿಗೆ ಹೋಲಿಸಿದರು. ಬೀರುವಿನ ಹತ್ತಿರ ಸ್ವಲ್ಪ ಹೆಚ್ಚೇ ಹೊತ್ತು ನಿಂತರು; ತಪ್ಪು ಸಿಕ್ಕಲಿ ಎಂಬ ಆಸೆ ಇತ್ತೋ ಏನೋ. ಸಿಗಲಿಲ್ಲ.

“ಪಾಯ ಯಾವತ್ತು ತೋಡೋಣ?” ಎಂದರು.

ಈಗ ನಾವು ಅದೇ ಬೀದಿಯ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಹೊಸ ಮನೆಯ ಗೋಡೆಗಳು ಕಿಟಕಿಯ ಮಟ್ಟ ದಾಟಿವೆ. ಮೊನ್ನೆ ಕಾರ್ಖಾನೆಯಿಂದ ಬರುವಾಗ ಅಲ್ಲಿ ನಿಂತೆ. ಮೇಸ್ತ್ರಿ ಮೇಲಿನಿಂದ ನಮ್ಮವರನ್ನು ಕೇಳುತ್ತಿದ್ದರು.

“ಅಣ್ಣ, ಅಜ್ಜಿ ಕೋಣೆ ದ್ವಾರ ನಾಲ್ಕು ಬೆರಳು ಕಡಿಮೆ ಮಾಡಿದ್ರೆ ಇಟ್ಟಿಗೆ ಒಡೆಯೋದು ತಪ್ಪುತ್ತೆ. ಮಾಡ್ಲಾ?”

“ನನ್ನ ಯಾಕೆ ಕೇಳ್ತೀಯಾ? ನಕ್ಷೆ ಬರೆದೋಳು ಅಲ್ಲಿ ಬರ್ತಿದಾಳೆ, ಅವಳನ್ನ ಕೇಳು.”

ಸೊಸೆ ಅಂಗಡಿಯಿಂದ ಬರುತ್ತಿದ್ದಳು. ಊಟದ ಡಬ್ಬಿ ನನ್ನ ಕೈಗೆ ಕೊಟ್ಟು, ಮರಳಿನ ರಾಶಿ ಹತ್ತಿ, ಕಾಗದ ಬಿಚ್ಚಿದಳು. “ಬೇಡ ಮೇಸ್ತ್ರಿ, ಒಂದು ಬೆರಳೂ ಬೇಡ. ಇಟ್ಟಿಗೆ ಒಡೀರಿ.” ಮೇಸ್ತ್ರಿ ಗೊಣಗಿಕೊಂಡು ಇಟ್ಟಿಗೆ ಒಡೆದರು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನನ್ನನ್ನು ನಿಲ್ಲಿಸಿ, “ಆ ಹುಡುಗಿ ಯಾರ ಕಡೆಯೋರು, ಇಂಜಿನಿಯರಾ?” ಎಂದು ಕೇಳಿದಳು.

“ನಮ್ಮ ಸೊಸೆ,” ಎಂದೆ. ಇನ್ನೇನಾದರೂ ಸೇರಿಸಬೇಕೆನಿಸಿತು. ಏನೂ ಬೇಕಾಗಿರಲಿಲ್ಲ.

ಗೊತ್ತಿಲ್ಲದ್ದು ಕೆಲವಿವೆ, ಅವನ್ನೂ ಹೇಳಿಬಿಡುತ್ತೇನೆ. ಅಂಗಡಿಯ ಯಜಮಾನರು ಅವಳಿಗೆ ಆ ಮೇಜು ಮರಳಿ ಕೊಡುತ್ತಾರೋ ಇಲ್ಲವೋ, ಇನ್ನೂ ಏನೂ ಹೇಳಿಲ್ಲ. ಪಕ್ಕದ ಬೀದಿಯ ಇಬ್ಬರು ಮನೆಗೇ ಬಂದು ನಕ್ಷೆ ಕೇಳಿದ್ದಾರೆ, ಅವಳು ಬರೆಯುತ್ತಿದ್ದಾಳೆ.

ಇನ್ನೊಂದು ಇದಕ್ಕಿಂತ ದೊಡ್ಡದು. ನಮ್ಮವರು ಹುಡುಗರಾಗಿದ್ದಾಗಿನಿಂದ ಮಂಚ ಮಾಡಿದವರು. ಮನುಷ್ಯ ಬಾಗಿಲಲ್ಲಿ ಬಂದು ನಿಂತರೆ ಅವನಿಗೆಷ್ಟು ಉದ್ದದ ಮಂಚ ಬೇಕೆಂದು ಕಣ್ಣಲ್ಲೇ ಹೇಳುವವರು. ಆರು ಬಾಗಿಲಿನ ಆ ನಕ್ಷೆ ವಾರಗಟ್ಟಲೆ ಅವರ ಕೊಟ್ಟಿಗೆಯ ಗೋಡೆಯ ಮೇಲೆ, ಅವರ ಕಣ್ಣೆದುರಿಗೇ ಇತ್ತು. ಅಂಥವರಿಗೆ ಆ ಮಂಚ ಗಿಡ್ಡವೆಂದು ಕಾಣಲಿಲ್ಲವೇ? ಅಥವಾ ಕಂಡಿತ್ತು, ಆರು ಬಾಗಿಲಿನ ಆಸೆಗೆ ಕಾಣದ ಹಾಗೆ ಇದ್ದರೇ? ಒಮ್ಮೆ ಧೈರ್ಯ ಮಾಡಿ ಕೇಳಿದೆ. ಅವರು ಹಲಗೆಗೆ ರಂದ ಹೊಡೆದು ನಯ ಮಾಡುತ್ತಿದ್ದರು. ಕೈ ನಿಲ್ಲಿಸಿದರು, ನನ್ನನ್ನು ನೋಡಿದರು, ಮತ್ತೆ ರಂದ ಹೊಡೆಯತೊಡಗಿದರು.

ನನಗೆ ಗೊತ್ತಿಲ್ಲ.